ತಲೆಕೆಳಗಾದ ಲೋಳೆಸರ, ತೂಗುವ ನೆಲವು

ನಂಜನಗೂಡಿಗೆ ಹೋದಾಗ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ ತಲೆಯೆತ್ತಿ ನಡೆಯುವುದು ನನ್ನ ಅಭ್ಯಾಸ. ಗೋಪುರ ನೋಡುವುದಕ್ಕಲ್ಲ, ಮನೆ ಅಂಗಡಿಗಳ ಬಾಗಿಲ ಮೇಲೆ ಏನೇನು ಕಟ್ಟಿದ್ದಾರೆ ಎಂದು ನೋಡುವುದಕ್ಕೆ. ಒಣಗಿ ಸುರುಟಿದ ಮಾವಿನ ತೋರಣ, ಕುಂಕುಮ ಮೆತ್ತಿದ ಬೂದುಗುಂಬಳ, ದಾರಕ್ಕೆ ಪೋಣಿಸಿದ ನಿಂಬೆಹಣ್ಣು ಮೆಣಸಿನಕಾಯಿ. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಲೋಳೆಸರ: ಬೇರು ಮೇಲೆ, ಎಲೆ ಕೆಳಗೆ. ಮಣ್ಣಿಲ್ಲ, ಕುಂಡವಿಲ್ಲ, ನೀರು ಹಾಕುವವರೂ ಇಲ್ಲ. ಕಟ್ಟಿದವರಿಗೆ ಯಾವ ಹಬ್ಬಕ್ಕೆ ಕಟ್ಟಿದ್ದು ಎನ್ನುವುದೂ ನೆನಪಿರುವುದಿಲ್ಲ. ಗಿಡ ಮಾತ್ರ ಹಸಿರಾಗಿರುತ್ತದೆ. ಅಷ್ಟೇ ಅಲ್ಲ, ಅದರ ಎಳೆಯ ತುದಿಗಳು ನಿಧಾನವಾಗಿ ಬಾಗಿ ಮತ್ತೆ ಆಕಾಶದ ಕಡೆಗೆ ತಿರುಗಿರುತ್ತವೆ.

ಮನೆಯಲ್ಲಿ ಗಿಡ ಇಟ್ಟು ಅಂದ ಮಾಡುವ ಬಗ್ಗೆ ಏನಾದರೂ ಬರೆಯಬೇಕು ಅಂದಾಗ ನನಗೆ ಮೊದಲು ನೆನಪಾಗುವುದು ಇದೇ. ಕಟ್ಟಿದ್ದು ದೃಷ್ಟಿ ತಾಗದಿರಲಿ ಎಂದು. ಆದರೆ ಮಣ್ಣಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಗಿಡವನ್ನೇ ಆರಿಸಿಕೊಂಡ ಜನರಿಗೆ ಗಿಡದ ಸ್ವಭಾವ ಗೊತ್ತಿತ್ತು ಎನ್ನುವುದು ಖಚಿತ. ಸಾಮಾನ್ಯ ಗಿಡಗಳು ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆ ಬಿಸಿಲಿನಲ್ಲಿ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಲೋಳೆಸರ ಹಾಗಲ್ಲ. ಅದು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಂಡು, ಹಗಲಲ್ಲಿ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತದೆ. ಎಲೆಯ ಲೋಳೆಯೇ ಅದರ ನೀರಿನ ಹಂಡೆ. ತಂದ ಗಿಡವೆಲ್ಲ ನನ್ನ ಕೈಯಲ್ಲಿ ಸತ್ತೇ ಹೋಗುತ್ತದೆ ಎನ್ನುವವರು ನರ್ಸರಿಗೆ ಹೋಗುವ ಮೊದಲು ಒಮ್ಮೆ ಈ ಬೀದಿಯಲ್ಲಿ ನಡೆದು ಬರಬೇಕು.

ತಿ. ನರಸೀಪುರದಲ್ಲಿರುವ ನನ್ನ ಅಕ್ಕನ ಮಗಳು ಹೋದ ವರ್ಷ ಹೊಸ ಮನೆಗೆ ಹೋದಳು. ಗೃಹಪ್ರವೇಶದ ವಾರದಲ್ಲೇ ಹಾಲ್‌ನ ಕಿಟಕಿಗೆ ಹಗ್ಗದ ಹೆಣಿಗೆಯೊಂದು ಬಂದು ಕೂತಿತ್ತು. ಬಿಳಿ ಹತ್ತಿ ಹಗ್ಗ, ಮೇಲೊಂದು ಮರದ ಬಳೆ, ಕೆಳಗೆ ಕುಚ್ಚು, ಒಳಗೊಂದು ಪುಟ್ಟ ಪಿಂಗಾಣಿ ಕುಂಡ. “ಚಿಕ್ಕಮ್ಮ, ಇದು ಮ್ಯಾಕ್ರಮೆ, ಆನ್‌ಲೈನ್‌ನಲ್ಲಿ ತರಿಸಿದ್ದು” ಅಂದಳು. ಬೆಲೆ ಕೇಳಿ ನನಗೆ ನಗು ಬಂತು. “ಅಯ್ಯೋ, ಇದು ನೆಲವು ಕಣೇ. ನಿಮ್ಮಜ್ಜಿ ಇದರಲ್ಲಿ ಬೆಣ್ಣೆ ಇಡ್ತಿದ್ರು” ಅಂದೆ. ಅವಳಿಗೆ ಆ ಪದವೇ ಗೊತ್ತಿರಲಿಲ್ಲ.

ಬೇಸರಪಟ್ಟುಕೊಳ್ಳುವಂಥದ್ದೇನೂ ಇಲ್ಲ. ಫ್ರಿಜ್ ಬಂದ ಮೇಲೆ ನೆಲವಿಗೆ ಕೆಲಸ ಹೋಯಿತು, ಕೆಲಸ ಹೋದ ಮೇಲೆ ಹೆಸರೂ ಹೋಯಿತು. ಹಳೆಯ ಅಡುಗೆಮನೆಯ ತೊಲೆಗೆ ಒಂದು ಕೊಕ್ಕೆ, ಅದರಿಂದ ಇಳಿಬಿಟ್ಟ ಹಗ್ಗದ ಬಲೆ, ಅದರಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆ. ಬೆಕ್ಕಿಗೆ ಎಟುಕದಷ್ಟು ಮೇಲೆ, ಮನೆಯೊಡತಿಯ ಕೈಗೆ ಸಿಗುವಷ್ಟು ಕೆಳಗೆ. ಕೆಲವರ ಬಾಯಲ್ಲಿ ಅದು ಸಿಕ್ಕ. ಕೃಷ್ಣ ಬೆಣ್ಣೆ ಕದ್ದ ಕಥೆ ಇರುವ ಕಡೆಯಲ್ಲೆಲ್ಲ ಅದು ಇದ್ದೇ ಇದೆ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುವ ಗೋಪಾಲಕರ ಚಿತ್ರದಲ್ಲಿ ಮೇಲೆ ತೂಗುತ್ತಿರುವುದು ನೆಲವೇ. 1970ರ ದಶಕದಲ್ಲಿ ಅಮೆರಿಕದಲ್ಲಿ ಹಗ್ಗದ ಹೆಣಿಗೆಯಲ್ಲಿ ಕುಂಡ ತೂಗುಹಾಕುವ ಹುಚ್ಚು ಹಬ್ಬಿ, ತಣ್ಣಗಾಗಿ, ಈಗ ಮೊಬೈಲಿನ ಮೂಲಕ ಮತ್ತೆ ಎದ್ದು ನಮ್ಮ ಊರಿಗೆ ಬಂದಿದೆ. ಬರಲಿ. ಕೊಳ್ಳುವ ಬದಲು ಮಾಡಿಕೊಳ್ಳಬಹುದು ಎನ್ನುವುದಷ್ಟೇ ನನ್ನ ತಕರಾರು.

ಮಾಡುವುದು ಹೀಗೆ. ಕಿರುಬೆರಳಿಗಿಂತ ತೆಳ್ಳಗಿನ ಹತ್ತಿ ಹಗ್ಗ ಅಥವಾ ತೆಂಗಿನ ನಾರಿನ ಹುರಿಯನ್ನು ಎರಡೆರಡು ಮಾರು ಉದ್ದಕ್ಕೆ ನಾಲ್ಕು ತುಂಡು ಮಾಡಿಕೊಳ್ಳಿ. ನಾಲ್ಕನ್ನೂ ಸೇರಿಸಿ ನಡುವಿಗೆ ಮಡಿಚಿ ಒಂದು ಬಳೆಗೆ ಹಾಕಿ ಬಿಗಿದರೆ ಎಂಟು ಎಳೆ ಇಳಿಯುತ್ತವೆ. ಎರಡೆರಡು ಎಳೆ ಜೋಡಿಸಿ, ಎರಡೂವರೆ ಅಡಿ ಕೆಳಗೆ ನಾಲ್ಕು ಗಂಟು. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಒಂದು ಜೋಡಿಯ ಎಡದ ಎಳೆಯನ್ನು ಪಕ್ಕದ ಜೋಡಿಯ ಬಲದ ಎಳೆಯೊಂದಿಗೆ ಸೇರಿಸಿ ಮತ್ತೆ ನಾಲ್ಕು ಗಂಟು. ಸುತ್ತು ಕೂಡಿಕೊಳ್ಳುವುದು ಇಲ್ಲೇ. ಇನ್ನೊಂದು ನಾಲ್ಕು ಬೆರಳು ಬಿಟ್ಟು ಎಂಟನ್ನೂ ಒಟ್ಟಿಗೆ ಕಟ್ಟಿದರೆ ಮುಗಿಯಿತು. ಉಳಿದದ್ದು ಕುಚ್ಚು. ಒಂದು ಸಂಜೆಯ ಕೆಲಸ, ಅದರಲ್ಲೂ ಅರ್ಧ ಸಂಜೆ ಹಗ್ಗದ ಸಿಕ್ಕು ಬಿಡಿಸುವುದಕ್ಕೆ ಹೋಗುತ್ತದೆ. ತೂಗುಹಾಕುವ ಕೊಕ್ಕೆ ಮಾತ್ರ ಗಟ್ಟಿ ಇರಲಿ. ನೀರು ಕುಡಿದ ಮಣ್ಣಿನ ಕುಂಡದ ಭಾರ ಎಷ್ಟೆಂದು ಅದು ಕಾಲ ಮೇಲೆ ಬಿದ್ದ ದಿನ ನನಗೆ ತಿಳಿಯಿತು.

ಕೈಯಲ್ಲಿ ಮಾಡಿದ ವಸ್ತು, ಅದಕ್ಕೊಂದು ಕೆಲಸ, ಕೆಲಸದ ಜೊತೆಗೇ ಒಂದಿಷ್ಟು ಅಂದ. ಕಾವೇರಿ ಕಪಿಲೆಯರ ಈ ದಂಡೆಯಲ್ಲಿ ಇದು ಎಷ್ಟು ಹಳೆಯದು ಎನ್ನುವುದಕ್ಕೆ ನೆಲದಡಿಯ ಸಾಕ್ಷಿಯೂ ಇದೆ. 1959–60ರಿಂದ ಎಂ. ಶೇಷಾದ್ರಿಯವರು ತಿ. ನರಸೀಪುರದಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆ ಸಿಕ್ಕಿತು. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಬದುಕಿದ್ದವರು ತಿಗರಿಯಿಲ್ಲದೆ, ಕೈಯಲ್ಲೇ ತಟ್ಟಿ ತೀಡಿ ನುಣುಪು ಮಾಡಿದ ಬೂದು ಬಣ್ಣದ ಮಡಕೆಗಳು ಸಿಕ್ಕಿವೆ. ಅವುಗಳ ಜೊತೆ ಸುಟ್ಟ ಮಣ್ಣಿನ ತಲೆದಿಂಬು. ಇಂಥದೇ ತಲೆದಿಂಬು ಇದೇ ತಾಲ್ಲೂಕಿನ ಹೆಮ್ಮಿಗೆಯಲ್ಲೂ ಸಿಕ್ಕಿದೆ. ಮಣ್ಣಿನ ದಿಂಬಿನ ಮೇಲೆ ನಿದ್ದೆ ಹೇಗೆ ಬರುತ್ತಿತ್ತೋ ದೇವರೇ ಬಲ್ಲ. ನನ್ನ ಗಮನ ಸೆಳೆದದ್ದು ಇನ್ನೊಂದು: ಕರ್ನಾಟಕದ ಆ ಕಾಲದ ಬೂದು ಮಡಕೆಗಳಲ್ಲಿ ಕೆಲವಕ್ಕೆ ಸುಟ್ಟಾದ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಾರೆ. ಪಟ್ಟೆಯಿಂದ ನೀರು ಹೆಚ್ಚು ಹಿಡಿಯುವುದಿಲ್ಲ, ಅಡುಗೆ ಬೇಗ ಬೇಯುವುದಿಲ್ಲ. ಚೆಂದ ಕಾಣಲಿ ಅಂತ ಎಳೆದದ್ದು, ಅಷ್ಟೇ.

ಆ ಪಟ್ಟೆ ನನ್ನ ಬಾಲ್ಯದವರೆಗೂ ಬಂದಿತ್ತು. ಗೋಡೆಗೆ ಸುಣ್ಣ, ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಕಾರಣೆ, ಜಗುಲಿಯ ಅಂಚಿಗೆ ಬಿಳಿ ಗೆರೆ. ನೆಲ ಸಾರಿಸುವುದಕ್ಕೆ ಸಗಣಿ, ಬಾಗಿಲಲ್ಲಿ ದಿನಾ ಬೆಳಿಗ್ಗೆ ರಂಗೋಲಿ. ಇದರಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ರಂಗೋಲಿಗೆ ಒಂದು ದಿನದ ಆಯಸ್ಸು, ಸಾರಣೆಗೆ ಒಂದು ವಾರ, ಸುಣ್ಣಕ್ಕೆ ಒಂದು ವರ್ಷ. ಕಪಿಲೆ ತುಂಬಿ ಹರಿದ ವರ್ಷ ನಂಜನಗೂಡಿನ ತಗ್ಗಿನ ಬೀದಿಗಳವರಿಗೆ ಆ ವರ್ಷದ ಸುಣ್ಣ ಎರಡು ಸಲ. ಈಗಿನ ಗೃಹಾಲಂಕಾರ ಕೊಂಡು ತಂದು ಮೊಳೆ ಹೊಡೆದು ಮರೆಯುವುದು, ಆಗಿನದು ಅಳಿಸಿ ಮತ್ತೆ ಬರೆಯುವುದು. ಅಳಿಸಿ ಬರೆಯುವುದರ ಭಾರ ಪೂರ್ತಿ ಹೆಂಗಸರ ಸೊಂಟದ ಮೇಲೆ ಬೀಳುತ್ತಿತ್ತು ಎನ್ನುವುದನ್ನೂ ಹೇಳಬೇಕು. ಸಗಣಿ ಸಾರಿಸಿದ ನೆಲದ ಹಳೆಯ ಸುಖವನ್ನು ಹೊಗಳುವವರಲ್ಲಿ ಸಾರಿಸಿದವರು ಕಡಿಮೆ.

ತೊಟ್ಟಿ ಮನೆಗಳ ವಿಷಯದಲ್ಲಿ ಮಾತ್ರ ನನಗೆ ನಿಜವಾದ ಹೊಟ್ಟೆಕಿಚ್ಚು. ಮನೆಯ ನಡುವೆಯೇ ಆಕಾಶ. ಮಳೆ ನೀರು ಬೀಳುವ ತೊಟ್ಟಿಯ ಸುತ್ತ ಕಂಬಗಳ ಪಡಸಾಲೆ. ಬೆಳಕು ಮೇಲಿನಿಂದ ನೇರ ಇಳಿಯುತ್ತಿತ್ತು, ಗಿಡಕ್ಕೆ ಬೇಕಾದದ್ದೂ ಅದೇ. ಇಂದು ಎರಡೂ ಊರುಗಳಲ್ಲಿ ಏಳುತ್ತಿರುವುದು ಮೂವತ್ತು–ನಲವತ್ತರ ಸೈಟಿನಲ್ಲಿ ಅಕ್ಕಪಕ್ಕದ ಗೋಡೆಗೆ ಗೋಡೆ ತಾಗುವ ಆರ್‌ಸಿಸಿ ಮನೆಗಳು. ಕಿಟಕಿ ಇರುವುದು ಮುಂದೆ ಹಿಂದೆ ಮಾತ್ರ. ಮನೆಯೊಳಗಿನ ಗಿಡ ಸಾಯುವುದು ಕೈಗುಣದಿಂದಲ್ಲ, ಬಹುತೇಕ ಎರಡೇ ಕಾರಣಕ್ಕೆ: ಬೆಳಕು ಸಾಲದೆ, ಇಲ್ಲವೇ ನೀರು ಹೆಚ್ಚಾಗಿ.

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ಮೋಸ ಮಾಡುತ್ತದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವುದರಿಂದ ಹಾಲ್‌ನ ಮೂಲೆಯೂ ನಮಗೆ ಬೆಳ್ಳಗೇ ಕಾಣುತ್ತದೆ. ಕಿಟಕಿಯಿಂದ ಎಂಟು ಹತ್ತು ಅಡಿ ಒಳಗೆ ಹೋಗುವಷ್ಟರಲ್ಲಿ ಬೆಳಕು ಅದರ ಒಂದು ಸಣ್ಣ ಪಾಲಿಗೆ ಇಳಿದಿರುತ್ತದೆ. ಗಿಡವನ್ನು ಟಿ.ವಿ. ಪಕ್ಕದ ಮೂಲೆಯಲ್ಲಿ ಇಟ್ಟರೆ ಚೆಂದ ಕಾಣುವುದು ನಮಗೆ, ಹಸಿದಿರುವುದು ಅದು. ಕಿಟಕಿಯ ಮೂರಡಿ ಒಳಗಿರಲಿ. ಯಾವ ಕಿಟಕಿ ಎನ್ನುವುದಕ್ಕೆ ಇಂಗ್ಲಿಷ್ ಪುಸ್ತಕಗಳನ್ನು ನಂಬಬೇಡಿ. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಎಂದು ಅವು ಹೇಳುವುದು ಲಂಡನ್ನಿನ ಲೆಕ್ಕದಲ್ಲಿ. ನಾವಿರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಗೋಡೆಗೆ ಬಿಸಿಲು ಬೀಳುವುದನ್ನು ನಮ್ಮೂರಲ್ಲಿ ಯಾರು ಬೇಕಾದರೂ ನೋಡಬಹುದು. ದಕ್ಷಿಣದ ಕಿಟಕಿಯೊಳಗೆ ಬಿಸಿಲು ಉದ್ದವಾಗಿ ಚಾಚುವುದು ಡಿಸೆಂಬರ್ ಜನವರಿಯಲ್ಲಿ. ಆದ್ದರಿಂದ ಗಿಡವನ್ನು ವರ್ಷವಿಡೀ ಒಂದೇ ಕಡೆ ಇಡಬೇಕೆಂದೇನಿಲ್ಲ. ಪೂರ್ವದ ಕಿಟಕಿ ಸಿಕ್ಕವರು ಪುಣ್ಯವಂತರು. ಪಶ್ಚಿಮದ ಕಿಟಕಿಗೆ ಮಾರ್ಚ್ ಏಪ್ರಿಲ್‌ನಲ್ಲಿ ತೆಳು ಪರದೆ ಬೇಕು. ಪರದೆಯ ಬಟ್ಟೆಗೆ ದೂರ ಹೋಗಬೇಕಾಗಿಲ್ಲ. 1927ರಲ್ಲಿ ಗಾಂಧೀಜಿ ಬಂದು ಹೋದ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಗೆ ಹೆಸರಾದ ಊರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದೂ ಅಲ್ಲೇ. ಕೈಯಲ್ಲಿ ನೂತು ನೇಯ್ದ ಬಟ್ಟೆಯ ಎಳೆ ಒಂದೇ ಸಮ ಇರುವುದಿಲ್ಲ, ಅದರಿಂದ ಸೋಸಿ ಬರುವ ಬಿಸಿಲಿಗೆ ಒಂದು ಬೇರೆಯೇ ಹದ ಇದೆ. ಇದು ವಿಜ್ಞಾನವಲ್ಲ, ನನ್ನ ಕಣ್ಣಿನ ಮಾತು.

ನರ್ಸರಿಯಲ್ಲಿ ಮನೆಯೊಳಗಿನ ಗಿಡ ಎಂದು ಮಾರುವುದೆಲ್ಲ ಬಹುತೇಕ ದೊಡ್ಡ ಮರಗಳ ನೆರಳಲ್ಲಿ ಬೆಳೆದ ಕಾಡಿನ ಗಿಡಗಳು. ಕಡಿಮೆ ಬೆಳಕಿನಲ್ಲಿ ಬದುಕಲು ಕಲಿತವು, ಅದಕ್ಕೇ ನಮ್ಮ ಹಾಲ್‌ಗೆ ಒಗ್ಗುತ್ತವೆ. ಮನಿಪ್ಲಾಂಟ್‌ನ ತವರು ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಹಾವಿನ ಪಟ್ಟೆಯ ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕದ್ದು. ರಾತ್ರಿ ಅರಳುತ್ತದೆಂದು ನೆರೆಹೊರೆಯವರನ್ನೆಲ್ಲ ಕರೆದು ಆರತಿ ಎತ್ತುವ ನಮ್ಮ ‘ಬ್ರಹ್ಮಕಮಲ’ ಮೆಕ್ಸಿಕೋ ಕಡೆಯ ಕಳ್ಳಿ, ಹಿಮಾಲಯದ ಬ್ರಹ್ಮಕಮಲವೇ ಬೇರೆ. ಇದನ್ನು ಆರತಿ ತಟ್ಟೆ ಹಿಡಿದು ನಿಂತವರ ಮುಂದೆ ಒಮ್ಮೆ ಹೇಳಿ ನಾನು ಬೈಸಿಕೊಂಡಿದ್ದೇನೆ.

ಹಾಗಾದರೆ ನಮ್ಮ ತೋಟಗಳಲ್ಲೇ ಬೆಳೆಯುವ ನೆರಳಿನ ಬಳ್ಳಿ ಯಾವುದೂ ಇಲ್ಲವೇ? ಇದೆ, ವೀಳ್ಯದೆಲೆ. ಮೈಸೂರು ಚಿಗುರೆಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ತೋಟದಲ್ಲಿ ಅದನ್ನು ಬೆಳೆಸುವುದೇ ಮರದ ನೆರಳಲ್ಲಿ. ಹೃದಯದಾಕಾರದ ಹೊಳೆಯುವ ಎಲೆ, ಗೆಣ್ಣಿಗೆ ಗೆಣ್ಣಿಗೆ ಬೇರು ಬಿಟ್ಟು ಹತ್ತುವ ಸ್ವಭಾವ. ಅಂದದಲ್ಲಿ ಮನಿಪ್ಲಾಂಟ್‌ಗಿಂತ ಒಂದು ಕೈ ಮೇಲೆಯೇ. ಮೂರು ನಾಲ್ಕು ಗೆಣ್ಣಿರುವ ಬಳ್ಳಿಯ ತುಂಡನ್ನು ತೇವದ ಮಣ್ಣಿಗೆ ಊರಿ, ಹತ್ತಲು ತೆಂಗಿನ ನಾರು ಸುತ್ತಿದ ಕೋಲೊಂದನ್ನು ನೆಟ್ಟು, ಪೂರ್ವದ ಕಿಟಕಿಯ ಬಳಿ ಇಟ್ಟರೆ ಸಾಕು. ಒಣಗಾಳಿ ಅದಕ್ಕೆ ಆಗದು, ಬೇಸಿಗೆಯಲ್ಲಿ ಎಲೆಗೆ ನೀರು ಚಿಮುಕಿಸಿ. ಊಟವಾದ ಮೇಲೆ ಕೈ ಚಾಚಿ ಕೀಳಬಹುದಾದ ಅಲಂಕಾರ ಇನ್ನೆಲ್ಲಿದೆ? ಮಕ್ಕಳಿರುವ ಮನೆಗೂ ಇದೇ ಒಳ್ಳೆಯದು. ಮನಿಪ್ಲಾಂಟ್ ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ, ಅದರಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ.

ಮನಿಪ್ಲಾಂಟನ್ನು ಬಾಟಲಿಯ ನೀರಿನಲ್ಲಿ ಇಡುವವರಿಗೆ ಇನ್ನೊಂದು ಮಾತು. ಹಾರ್ಲಿಕ್ಸ್ ಬಾಟಲಿಯೋ ಬಣ್ಣದ ಸೀಸೆಯೋ, ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ, ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನದಲ್ಲಿ ಮರಿ ಸೊಳ್ಳೆಯಾಗಿ ಹಾರುತ್ತದೆ. ಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು. ಇನ್ನು ಗಿಡಗಳು ಮನೆಯ ಗಾಳಿ ಶುದ್ಧ ಮಾಡುತ್ತವೆ ಎಂದು ಚೀಟಿ ಅಂಟಿಸಿ ಮಾರುತ್ತಾರಲ್ಲ, ಅದರ ಮೂಲ ಅಮೆರಿಕದ ನಾಸಾ 1989ರಲ್ಲಿ ಪ್ರಕಟಿಸಿದ ಅಧ್ಯಯನ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಮರುಲೆಕ್ಕ ಹಾಕಿದವರು, ಕಿಟಕಿ ಬಾಗಿಲಿನಿಂದ ಬರುವ ಗಾಳಿಯಷ್ಟು ಕೆಲಸ ಮಾಡಬೇಕಾದರೆ ಒಂದು ಚದರ ಮೀಟರ್ ಜಾಗಕ್ಕೆ ಕನಿಷ್ಠ 10 ಗಿಡ, ಹೆಚ್ಚೆಂದರೆ 1,000 ಗಿಡ ಬೇಕಾದೀತು ಎಂದರು. ಕಿಟಕಿ ತೆರೆಯಿರಿ. ಗಿಡವನ್ನು ಗಿಡವೆಂದೇ ಇಟ್ಟುಕೊಳ್ಳಿ.

ಅಗ್ಗವಾಗಿ, ಮಕ್ಕಳ ಕೈಯಲ್ಲಿ, ಹತ್ತೇ ದಿನದಲ್ಲಿ ಮನೆಯೊಳಗೆ ಹಸಿರು ಬೆಳೆಯುವ ವಿದ್ಯೆಯಂತೂ ಮೈಸೂರು ಸೀಮೆಯ ಮನೆಮನೆಗೂ ಗೊತ್ತು. ದಸರಾ ಗೊಂಬೆ ಕೂರಿಸುವವರು ಮೆಟ್ಟಿಲ ಕೆಳಗೆ ‘ಪಾರ್ಕ್’ ಮಾಡುತ್ತಾರೆ. ತಟ್ಟೆಯಲ್ಲೋ ಹಳೆಯ ಟ್ರೇಯಲ್ಲೋ ಎರಡು ಬೆರಳು ದಪ್ಪ ಮಣ್ಣು ಹರಡಿ, ರಾಗಿ, ಸಾಸಿವೆ, ಮೆಂತ್ಯ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕನೆಯ ದಿನಕ್ಕೆ ಮೊಳಕೆ, ಆಯುಧಪೂಜೆಯ ಹೊತ್ತಿಗೆ ಹುಲ್ಲುಹಾಸು. ಅದರ ಮೇಲೆ ಪ್ಲಾಸ್ಟಿಕ್ ಜಿಂಕೆ, ಕನ್ನಡಿ ಚೂರಿನ ಕೆರೆ, ಬೆಂಕಿಪೊಟ್ಟಣದ ಬಸ್ ಸ್ಟಾಪ್. ಬಾಲ್ಯದಲ್ಲಿ ನಮ್ಮ ಜಗಳವೆಲ್ಲ ಜಿಂಕೆಗಿಂತ ರಾಗಿ ಪೈರು ಎತ್ತರವಾಯಿತು, ಕತ್ತರಿಸಬೇಕೋ ಬೇಡವೋ ಎಂಬುದರ ಮೇಲೆ. ಮದುವೆ ಮನೆಯ ಅಂಕುರಾರ್ಪಣೆಯ ಪಾಲಿಕೆಗಳಲ್ಲಿ ಮೊಳೆಯುವ ನವಧಾನ್ಯವೂ ಇದೇ ಜಾತಿಯದು. ವಿಜಯದಶಮಿ ಕಳೆದ ಮೇಲೆ ಇದನ್ನೇಕೆ ನಿಲ್ಲಿಸಬೇಕು ಎನ್ನುವುದು ನನಗೆ ಅರ್ಥವಾಗಿಲ್ಲ. ಊಟದ ಮೇಜಿನ ಮೇಲೆ ಒಂದು ತಟ್ಟೆ ಮೆಂತ್ಯದ ಪೈರು ಹದಿನೈದು ದಿನ ಕಣ್ಣಿಗೆ ಅಂದ, ಹದಿನಾರನೆಯ ದಿನ ಪಲ್ಯ.

ಸುಗ್ಗಿಯಲ್ಲಿ ತಿ. ನರಸೀಪುರದ ಗದ್ದೆ ಬಯಲಿನಿಂದ ನಾಲ್ಕು ಹಿಡಿ ಭತ್ತದ ತೆನೆ ತಂದು, ಕಾಂಡ ಹಸಿಯಿರುವಾಗಲೇ ಜಡೆ ಹೆಣೆದು ಬಾಗಿಲಿಗೆ ಕಟ್ಟಬಹುದು. ಒಣಗಿದ ಮೇಲೆ ಹೆಣೆಯಲು ಹೋದರೆ ಮುರಿಯುತ್ತದೆ. ಗುಬ್ಬಿ ಇನ್ನೂ ಉಳಿದಿರುವ ಬೀದಿಯಾದರೆ ಈ ತೋರಣ ಹೆಚ್ಚು ದಿನ ಬಾಳುವುದಿಲ್ಲ, ಹಾಗಾಗುವುದೇ ಚೆಂದ. ನಂಜನಗೂಡಿನ ಕಡೆಯವರಿಗೆ ಬಾಳೆಯ ಪಟ್ಟೆ ಇದೆ. ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ತೋಟಗಳಲ್ಲಿ ಅಪರೂಪವಾಗಿದೆ ನಿಜ, ಆದರೆ ಯಾವ ಬಾಳೆಯ ಪಟ್ಟೆಯಾದರೂ ಒಣಗಿಸಿ ಸೀಳಿದರೆ ನಾರು. ಹೂವಾಡಗಿತ್ತಿಯರು ಮಾಲೆ ಕಟ್ಟುವುದು ಅದರಲ್ಲೇ. ಮೂರೆಳೆ ಜಡೆ ಹಾಕಿ ಸುತ್ತಿ ಹೊಲಿದರೆ ಕುಂಡದಡಿಯ ಸಿಂಬೆ ಸಿದ್ಧ, ನೆಲದ ಟೈಲ್ಸ್‌ಗೆ ಕಲೆ ಬೀಳುವುದಿಲ್ಲ.

ಒಂದು ವಸ್ತುವಿನ ಬಗ್ಗೆ ಮಾತ್ರ ಎಚ್ಚರ ಹೇಳಬೇಕು, ಅದೂ ತಿ. ನರಸೀಪುರದ ದೇವರ ಕೈಯಲ್ಲೇ ಇರುವ ವಸ್ತು. ಕಾವೇರಿ ಕಪಿಲೆ ಕೂಡುವಲ್ಲಿರುವ ಗುಂಜಾ ನರಸಿಂಹಸ್ವಾಮಿಯ ಬೆರಳ ನಡುವೆ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ಇಲ್ಲಿಯ ಜನರ ಹೆಮ್ಮೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಕೆಂಪು ಕಪ್ಪು ಬೀಜ ಒಂದು ಗ್ರಾಮಿನ ಎಂಟನೆಯ ಒಂದು ಭಾಗದಷ್ಟು ತೂಗುತ್ತದೆ. ಮಣ್ಣಿನ ಗಣಪನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಸಿಗುವುದಿಲ್ಲ. ಆದರೆ ಮಣಿ ಮಾಡಿ ಪೋಣಿಸಲು ಅದಕ್ಕೆ ಸೂಜಿ ಚುಚ್ಚಬೇಡಿ. ಗಟ್ಟಿ ಸಿಪ್ಪೆ ಒಡೆಯದಿರುವವರೆಗೆ ಸರಿ, ಒಳಗಿರುವುದು ಅಬ್ರಿನ್ ಎಂಬ ಕಡು ವಿಷ. ತೂತು ಮಾಡಿದ ಬೀಜ ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ.

ಕೊನೆಗೆ ಕುಂಡದ ಮಾತು. ಪ್ಲಾಸ್ಟಿಕ್ ಕುಂಡ ಹಗುರ, ಅಗ್ಗ, ಆದರೆ ಅದರ ಮೈಗೆ ಉಸಿರಿಲ್ಲ. ಸುಟ್ಟ ಮಣ್ಣಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಬೇಸಿಗೆಯ ಗಡಿಗೆಯ ನೀರು ತಂಪಾಗುವುದು ಆ ರಂಧ್ರಗಳಿಂದ ನೀರು ಜಿನುಗಿ ಆರುವುದರಿಂದ. ಕುಂಡದಲ್ಲೂ ನಡೆಯುವುದು ಅದೇ: ಹೆಚ್ಚಾದ ತೇವ ಹೊರಗೆ ಹೋಗುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ನೀರು ಸುರಿದು ಗಿಡ ಕೊಲ್ಲುವ ನನ್ನಂಥವರಿಗೆ ಇದು ದೊಡ್ಡ ಕ್ಷಮಾದಾನ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ನಾರಿನ ಪುಡಿಯನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆಯಬೇಕು, ಅದರಲ್ಲಿ ಉಪ್ಪಿನಂಶ ಇರುತ್ತದೆ. ನೀರು ಹಾಕುವ ಮುನ್ನ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ಹಾಕಬೇಡಿ.

ಮಣ್ಣಿನ ಕುಂಡ ಕೊಳ್ಳುವುದಾದರೆ ನಿಮ್ಮೂರ ಕುಂಬಾರರ ಹತ್ತಿರವೇ ಹೋಗಿ. ಅಡುಗೆಯ ಮಡಕೆಯನ್ನೇ ತಂದು ಮನೆಯಲ್ಲಿ ಮೊಳೆಯಿಂದ ತಳ ಕೊರೆಯಲು ಹೋದರೆ ಎರಡರಲ್ಲೊಂದು ಸೀಳುತ್ತದೆ. ಮಡಕೆ ಸುಡುವ ಮೊದಲೇ ಹೇಳಿಟ್ಟರೆ ಹಸಿ ಮಣ್ಣಿನಲ್ಲೇ ಬೆರಳು ತೂರಿಸಿ ತೂತು ಮಾಡಿಕೊಡುತ್ತಾರೆ.